ಪಂದ್ಯ ಮುಗಿದ ಮೇಲೆ

ಕುದುರೆಪಂದ್ಯದ ಮೈದಾನದಲ್ಲಿ ನೆರೆದವರೆಲ್ಲರ ದೃಷ್ಟಿಯೂ ನೆಟ್ಟಿರುವುದು ಗುರಿಗಂಬದ ಮೇಲೆ. ಎರಡು ಮೂರು ನಿಮಿಷಗಳಲ್ಲಿ ಓಟ ಮುಗಿದುಹೋಗುತ್ತದೆ. ಗೆದ್ದ ಕುದುರೆಗೆ ಜಯಘೋಷ ದೊರೆಯುತ್ತದೆ, ಸೋತವು ಬೆವರು ಸುರಿಸುತ್ತ ಲಾಯಕ್ಕೆ ಹಿಂದಿರುಗುತ್ತವೆ, ಜನಸಂದಣಿ ಕರಗುತ್ತದೆ. ಆದರೆ ಗುರಿಗಂಬದಿಂದ ಆಚೆಗೆ ಆ ಪ್ರಾಣಿಯ ಬಾಳು ಇನ್ನೆಷ್ಟು ದೂರ ಸಾಗಬೇಕಾಗಿದೆ ಎಂಬುದನ್ನು ಚಿಂತಿಸುವವರು ವಿರಳ.

ಪಂದ್ಯದ ಕುದುರೆಗಳಲ್ಲಿ ಬಹುಪಾಲು ‘ಥರೋಬ್ರೆಡ್’ ಎಂಬ ತಳಿಗೆ ಸೇರಿದವು. ಹದಿನೇಳನೆಯ ಶತಮಾನದ ಕೊನೆ ಮತ್ತು ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡನ್ನು ಸೇರಿದ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗಾಡಾಲ್ಫಿನ್ ಅರೇಬಿಯನ್ ಎಂಬ ಮೂರು ಗಂಡುಕುದುರೆಗಳು ಈ ತಳಿಯ ಮೂಲಪುರುಷರು. 1791ರಷ್ಟು ಹಿಂದೆಯೇ ಈ ತಳಿಯ ವಂಶಾವಳಿಯನ್ನು ಗ್ರಂಥರೂಪದಲ್ಲಿ ದಾಖಲಿಸುವ ಕಾರ್ಯ ಪ್ರಾರಂಭವಾಯಿತು. ಆಳವಾದ ಎದೆ, ನೀಳವಾದ ಕಾಲುಗಳು, ತೆಳುವಾದ ಚರ್ಮ, ಕಿಡಿಯಂತಹ ಚುರುಕು ಇವೆಲ್ಲವೂ ವೇಗವೊಂದನ್ನೇ ಬಯಸಿ ಮನುಷ್ಯನು ಅನೇಕ ತಲೆಮಾರುಗಳ ಕಾಲ ಆರಿಸಿ ಬೆಳೆಸಿದ ಗುಣಗಳು.

ಈ ಕುದುರೆಗಳಲ್ಲಿ ಅನೇಕವು ಎರಡನೆಯ ವರ್ಷದಲ್ಲಿಯೇ ಪಂದ್ಯಕ್ಕೆ ಇಳಿಯುತ್ತವೆ. ಕಾಲಿನ ನರಗಳು ನೊಂದೋ, ವೇಗ ಕುಗ್ಗಿಯೋ, ಗೆಲುವು ದೊರೆಯದೆಯೋ ಹಲವು ಕುದುರೆಗಳು ಹತ್ತು ವರ್ಷ ತುಂಬುವ ಮೊದಲೇ ಮೈದಾನವನ್ನು ಬಿಡುತ್ತವೆ. ಕುದುರೆಯ ಆಯುಸ್ಸಾದರೋ ಇಪ್ಪತ್ತೈದರಿಂದ ಮೂವತ್ತು ವರ್ಷ. ಎಂದರೆ, ಐದಾರು ವರ್ಷಗಳಿಗೇ ನಿವೃತ್ತವಾದ ಪ್ರಾಣಿಯ ಮುಂದೆ ಇನ್ನೂ ಇಪ್ಪತ್ತು ವರ್ಷಗಳ ಬಾಳು ಉಳಿದಿರುತ್ತದೆ. ಅಷ್ಟೂ ಕಾಲ ಅದಕ್ಕೆ ಮೇವು, ಲಾಳ, ಔಷಧೋಪಚಾರ ಬೇಕು. ಓಡದ ಕುದುರೆಯಿಂದ ಆದಾಯವಿಲ್ಲ; ಖರ್ಚು ಮಾತ್ರ ನಿಲ್ಲದು. ಸಮಸ್ಯೆಯ ಬೇರು ಇರುವುದು ಇಲ್ಲಿಯೇ.

ಕೀರ್ತಿಯೂ ಕುದುರೆಯನ್ನು ಕಾಯಲಾರದೆಂಬುದಕ್ಕೆ ಫರ್ಡಿನೆಂಡ್ ಎಂಬ ಕುದುರೆಯ ಕಥೆ ಸಾಕ್ಷಿ. ಅದು 1986ರಲ್ಲಿ ಅಮೆರಿಕದ ಸುಪ್ರಸಿದ್ಧ ಕೆಂಟಕಿ ಡರ್ಬಿಯನ್ನು ಗೆದ್ದಿತು. 1987ರಲ್ಲಿ ಆ ದೇಶದ ವರ್ಷದ ಶ್ರೇಷ್ಠ ಕುದುರೆಯೆಂಬ ಗೌರವವನ್ನೂ ಪಡೆಯಿತು. ಮುಂದೆ ಅದನ್ನು ಸಂತಾನಾಭಿವೃದ್ಧಿಗೆಂದು ಜಪಾನಿಗೆ ಮಾರಲಾಯಿತು. ಅಲ್ಲಿ ಅದಕ್ಕೆ ಬೇಡಿಕೆ ಕುಗ್ಗಿತು. 2002ರಲ್ಲಿ ಅದು ಕಸಾಯಿಖಾನೆಯ ಪಾಲಾಯಿತೆಂಬ ವರದಿ ಮರುವರ್ಷ ಪ್ರಕಟವಾದಾಗ ಅಶ್ವಪ್ರಿಯರೆಲ್ಲ ತಲ್ಲಣಿಸಿದರು. ಡರ್ಬಿಯನ್ನು ಗೆದ್ದ ಕುದುರೆಗೇ ಈ ಗತಿಯಾದರೆ, ಒಂದು ಪಂದ್ಯವನ್ನೂ ಗೆಲ್ಲದ ಅನಾಮಧೇಯ ಕುದುರೆಗಳ ಪಾಡೇನು?

ಈ ಪ್ರಶ್ನೆಗೆ ಉತ್ತರವನ್ನು ಅರಸುವ ಪ್ರಯತ್ನ ಅದಕ್ಕೂ ಮೊದಲೇ ಆರಂಭವಾಗಿತ್ತು. 1984ರಲ್ಲಿ ನ್ಯೂಯಾರ್ಕ್ ರಾಜ್ಯದ ವಾಲ್‌ಕಿಲ್ ಎಂಬಲ್ಲಿಯ ಸೆರೆಮನೆಯ ಹೊಲದಲ್ಲಿ ನಿವೃತ್ತ ಕುದುರೆಗಳಿಗೆ ಆಶ್ರಯ ಕಲ್ಪಿಸಲಾಯಿತು. ಅವುಗಳ ಆರೈಕೆಯನ್ನು ಕೈದಿಗಳಿಗೇ ಒಪ್ಪಿಸಲಾಯಿತು. ಕುದುರೆಗೆ ಮೇವು ದೊರೆಯಿತು. ಕೈದಿಗೆ ಕಸುಬು ದೊರೆಯಿತು. ಜಗತ್ತು ಬೇಡವೆಂದು ಬದಿಗೊತ್ತಿದ ಎರಡು ಜೀವಗಳು ಒಂದನ್ನೊಂದು ನಂಬಲು ಕಲಿತವು. 2000ದಲ್ಲಿ ಬ್ರಿಟನ್ನಿನ ಪಂದ್ಯಕ್ಷೇತ್ರವು ನಿವೃತ್ತ ಕುದುರೆಗಳ ಮರುಶಿಕ್ಷಣಕ್ಕೆಂದೇ ಒಂದು ಧರ್ಮಸಂಸ್ಥೆಯನ್ನು ಸ್ಥಾಪಿಸಿತು.

ಮರುಶಿಕ್ಷಣವೆಂಬುದು ಸುಲಭದ ಕೆಲಸವಲ್ಲ. ಕಲಿಸುವುದಕ್ಕಿಂತ ಮೊದಲು ಕಲಿತುದನ್ನು ಮರೆಯಿಸಬೇಕು. ಪಂದ್ಯದ ಕುದುರೆ ದಿನದ ಬಹುಭಾಗವನ್ನು ಲಾಯದಲ್ಲಿ ಕಳೆದು, ಪುಷ್ಟಿಕರವಾದ ಧಾನ್ಯವನ್ನು ತಿಂದು, ಬೆಳಗಿನ ಹೊತ್ತು ಓಡಿ ಬೆಳೆದದ್ದು. ಅದನ್ನು ಮೊದಲು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು, ಹುಲ್ಲುಗಾವಲಿನಲ್ಲಿ ಬಿಡುತ್ತಾರೆ. ಧಾನ್ಯವನ್ನು ಕ್ರಮೇಣ ಇಳಿಸಿ ಹುಲ್ಲನ್ನು ಹೆಚ್ಚಿಸುತ್ತಾರೆ. ಇತರ ಕುದುರೆಗಳೊಡನೆ ಮೇಯುತ್ತ, ಮಣ್ಣಿನಲ್ಲಿ ಹೊರಳಾಡುತ್ತ ಅದರ ದೇಹವೂ ಮನಸ್ಸೂ ಹದಕ್ಕೆ ಬರುತ್ತವೆ.

ಅನಂತರ ಹೊಸ ಪಾಠ. ಪಂದ್ಯದ ಸವಾರನು ರಿಕಾಪುಗಳನ್ನು ಗಿಡ್ಡವಾಗಿ ಕಟ್ಟಿ, ಬೆನ್ನಿನಿಂದ ಮೇಲೆದ್ದು, ಮುಂದಕ್ಕೆ ಬಾಗಿರುತ್ತಾನೆ. ಸಾಮಾನ್ಯ ಸವಾರನಾದರೋ ಜೀನಿನ ಮೇಲೆ ನೆಟ್ಟಗೆ ಕುಳಿತು ಕಾಲುಗಳನ್ನು ಪಕ್ಕೆಗಳಿಗೆ ತಾಗಿಸುತ್ತಾನೆ. ಈ ಸ್ಪರ್ಶವೇ ಕುದುರೆಗೆ ಹೊಸದು, ಅದು ಬೆಚ್ಚಬಹುದು. ಲಗಾಮನ್ನು ಬಿಗಿಹಿಡಿದರೆ ನಿಲ್ಲುವುದಕ್ಕೆ ಬದಲು ಅದರ ಮೇಲೆ ಒರಗಿ ಮತ್ತಷ್ಟು ವೇಗವಾಗಿ ಓಡುವುದೂ ಉಂಟು. ಆದುದರಿಂದ ಶಿಕ್ಷಕನು ಮೊದಲು ನೆಲದ ಮೇಲೆಯೇ ನಿಂತು, ಉದ್ದನೆಯ ಹಗ್ಗದಿಂದ ಅದನ್ನು ಎರಡೂ ದಿಕ್ಕುಗಳಲ್ಲಿ ವೃತ್ತಾಕಾರವಾಗಿ ನಡೆಸುತ್ತಾನೆ. ಸವಾರನು ಹತ್ತುವಾಗ ಅಲುಗಾಡದೆ ನಿಲ್ಲುವುದು, ನಿಧಾನವಾಗಿ ನಡೆಯುವುದು, ಮುಂದೆ ಓಡುವ ಕುದುರೆಯನ್ನು ಕಂಡೂ ಸುಮ್ಮನಿರುವುದು ಇವೇ ಅದರ ಕಠಿಣ ಪರೀಕ್ಷೆಗಳು. ಇಲ್ಲಿ ಚಾವಟಿಗಿಂತ ತಾಳ್ಮೆಯೇ ದೊಡ್ಡ ಗುರು.

ಹೀಗೆ ಪಳಗಿದ ಕುದುರೆಗಳ ಮುಂದೆ ಅನೇಕ ದಾರಿಗಳು ತೆರೆದುಕೊಳ್ಳುತ್ತವೆ. ಅಡವಿಯ ಹಾದಿಗಳ ಸವಾರಿ, ಬೇಲಿ ಹಾರುವ ಸ್ಪರ್ಧೆ, ಪೋಲೋ, ದನಗಳ ಹಿಂಡನ್ನು ಕಾಯುವ ಕೆಲಸ ಮೊದಲಾದವುಗಳಲ್ಲಿ ಅವು ನಿಪುಣವಾಗುತ್ತವೆ. ಹಿಂದೆ ಪಂದ್ಯಗಳಲ್ಲಿ ಓಡಿದ್ದ ಬ್ಲ್ಯಾಕ್‌ಫುಟ್ ಮಿಸ್ಟರಿ ಎಂಬ ಕುದುರೆ 2016ರ ರಿಯೊ ಒಲಿಂಪಿಕ್ ಕ್ರೀಡೆಗಳಲ್ಲಿ ಅಮೆರಿಕವನ್ನು ಪ್ರತಿನಿಧಿಸಿತು. ಭಾರತದ ಸವಾರಿಶಾಲೆಗಳಲ್ಲಿಯೂ ಎಳೆಯರನ್ನು ಬೆನ್ನ ಮೇಲೆ ಹೊತ್ತು ಸಾವಧಾನವಾಗಿ ಹೆಜ್ಜೆಯಿಡುವ ಕುದುರೆಗಳಲ್ಲಿ ಹಲವು ಒಮ್ಮೆ ಪಂದ್ಯದ ಮೈದಾನದಲ್ಲಿ ಗಾಳಿಯೊಡನೆ ಸೆಣಸಿದವು. ಬೆಂಗಳೂರು, ಮೈಸೂರುಗಳಲ್ಲಿ ಪಂದ್ಯವನ್ನು ಕಂಡ ಕನ್ನಡಿಗರಿಗೂ ಇದು ಹೊರಗಿನ ಮಾತಲ್ಲ.

ಎಲ್ಲ ಕುದುರೆಗಳೂ ಹೊಸ ವಿದ್ಯೆಗೆ ಒಗ್ಗುವುದಿಲ್ಲವೆಂಬುದು ನಿಜ. ಕಾಲು ಮುರಿದು ಕೂಡಿದವು, ಹೆದರಿಕೆ ಬಿಡದವು ಸವಾರಿಗೆ ಒದಗಲಾರವು. ಅಂಥವಕ್ಕೆ ಹುಲ್ಲುಗಾವಲೊಂದೇ ಗತಿ. ಅದಕ್ಕೆ ಹಣ ಒದಗಿಸುವ ಧರ್ಮಿಷ್ಠರು ಬೇಕು. ಅನುಭವವಿಲ್ಲದವರು ಕೇವಲ ಕನಿಕರದಿಂದ ಪಂದ್ಯದ ಕುದುರೆಯನ್ನು ಕೊಂಡರೆ ಇಬ್ಬರಿಗೂ ಅಪಾಯವೇ. ಕರುಣೆಯ ಜೊತೆಗೆ ತಿಳಿವಳಿಕೆಯೂ ಇರಬೇಕು.

ಕುದುರೆ ತಾನಾಗಿ ಪಂದ್ಯವನ್ನು ಬಯಸಲಿಲ್ಲ. ಅದನ್ನು ಹುಟ್ಟಿಸಿದವನು, ಓಡಿಸಿದವನು, ಅದರ ಓಟವನ್ನು ಕಂಡು ನಲಿದವನು ಮನುಷ್ಯ. ಆದುದರಿಂದ ಓಟ ನಿಂತ ಮೇಲೆ ಅದಕ್ಕೆ ಒಂದು ನೆಲೆಯನ್ನು ಕಲ್ಪಿಸುವುದು ದಾನವಲ್ಲ, ಋಣ ಸಂದಾಯ.