ಹಿಂಡಲಗಾ ಕೇಂದ್ರ ಕಾರಾಗೃಹ

ಹಿಂಡಲಗಾ ಕೇಂದ್ರ ಕಾರಾಗೃಹವು ಕರ್ನಾಟಕದ ಬೆಳಗಾವಿ ನಗರಕ್ಕೆ ಹೊಂದಿಕೊಂಡಿರುವ ಹಿಂಡಲಗಾದಲ್ಲಿದೆ. ರಾಜ್ಯದಲ್ಲಿ ಗಲ್ಲುಗಂಬವಿರುವ ಕಾರಾಗೃಹವೆಂದು ಇದು ಪ್ರಸಿದ್ಧವಾಗಿದೆ. ಮರಣದಂಡನೆಗೆ ಗುರಿಯಾದ ಕೈದಿಗಳನ್ನು ನಾನಾ ಜಿಲ್ಲೆಗಳಿಂದ ತಂದು ಇಲ್ಲಿ ಇರಿಸಲಾಗುತ್ತದೆ.

ಇತಿಹಾಸ

ಬೆಳಗಾವಿಯು ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1923ರಲ್ಲಿ, ಈ ಕಾರಾಗೃಹವು ನಿರ್ಮಾಣವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಸೇರಿತು. ಇಲ್ಲಿ ಕೊನೆಯ ಬಾರಿಗೆ ಗಲ್ಲುಶಿಕ್ಷೆ ಜಾರಿಯಾದದ್ದು 1983ರಲ್ಲಿ.

ಮರಣದಂಡನೆಯ ಕೈದಿಗಳು

ಸೆಷನ್ಸ್ ನ್ಯಾಯಾಲಯವು ವಿಧಿಸಿದ ಮರಣದಂಡನೆಯನ್ನು ಉಚ್ಚ ನ್ಯಾಯಾಲಯವು ದೃಢಪಡಿಸದೆ ಜಾರಿಗೊಳಿಸುವಂತಿಲ್ಲ. ಅನಂತರ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿಯನ್ನೂ ರಾಷ್ಟ್ರಪತಿಗಳಿಗೆ ಕ್ಷಮಾದಾನದ ಅರ್ಜಿಯನ್ನೂ ಸಲ್ಲಿಸಬಹುದು. ಇದಕ್ಕೆ ಹಲವು ವರ್ಷಗಳು ಹಿಡಿಯುತ್ತವೆ. 1993ರ ಪಾಲಾರ್ ಸ್ಫೋಟ ಪ್ರಕರಣದಲ್ಲಿ ವೀರಪ್ಪನ್‌ನ ನಾಲ್ವರು ಸಹಚರರಿಗೆ 2004ರಲ್ಲಿ ಮರಣದಂಡನೆಯಾಯಿತು. ಅವರ ಕ್ಷಮಾದಾನದ ಅರ್ಜಿ ತಿರಸ್ಕೃತವಾದದ್ದು 2013ರಲ್ಲಿ. ಈ ವಿಳಂಬದ ಕಾರಣದಿಂದ 2014ರ ಜನವರಿ 21ರಂದು ಸರ್ವೋಚ್ಚ ನ್ಯಾಯಾಲಯವು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು.

ಏಕಾಂತ ಬಂಧನ

ಸರ್ವೋಚ್ಚ ನ್ಯಾಯಾಲಯದ 1978ರ ಸುನಿಲ್ ಬಾತ್ರಾ ತೀರ್ಪಿನಂತೆ, ಕ್ಷಮಾದಾನವೂ ಸೇರಿದಂತೆ ಎಲ್ಲ ಅವಕಾಶಗಳು ಮುಗಿಯುವ ಮೊದಲು ಮರಣದಂಡನೆಯ ಕೈದಿಯನ್ನು ಏಕಾಂತದಲ್ಲಿ ಇರಿಸುವಂತಿಲ್ಲ. ಆದರೆ ಬಿ. ಎ. ಉಮೇಶ್ ಎಂಬ ಕೈದಿಯನ್ನು ಇಲ್ಲಿ 2006ರಿಂದ 2016ರವರೆಗೆ ಏಕಾಂತ ಬಂಧನದಲ್ಲಿ ಇರಿಸಲಾಗಿತ್ತು. 2022ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಕಾನೂನುಬಾಹಿರವೆಂದು ಪರಿಗಣಿಸಿ, ಆತನ ಮರಣದಂಡನೆಯನ್ನು ಕನಿಷ್ಠ 30 ವರ್ಷಗಳ ಸೆರೆವಾಸವುಳ್ಳ ಜೀವಾವಧಿ ಶಿಕ್ಷೆಯಾಗಿ ಮಾರ್ಪಡಿಸಿತು.