ನಾಲ ಬಡಿಸುವ ಮೊದಲು ಕಾಲು ನೋಡಿ

ಕಬ್ಬಿನ ಹಂಗಾಮು ಸುರುವಾಯಿತೆಂದರೆ ನಮ್ಮ ಜುಗೂಳದ ಕಡೆ ಗಾಡಿ ಹೊಡೆಯುವವರ ಎತ್ತುಗಳಿಗೆ ಹೊಲಕ್ಕಿಂತ ರಸ್ತೆಯ ಕೆಲಸವೇ ಹೆಚ್ಚು. ಎರೆಮಣ್ಣಿನಲ್ಲಿ ನಡೆಯುವ ಎತ್ತಿಗೆ ನಾಲ ಬೇಕಿಲ್ಲ. ಡಾಂಬರು, ಖಡಿ ರಸ್ತೆಗೆ ಬಂದರೆ ಲೆಕ್ಕ ಬೇರೆ. ಗೊರಸು ತಿಂಗಳಿಗೆ ಬೆಳೆಯುವುದು ಸುಮಾರು ಅರ್ಧ ಸೆಂಟಿಮೀಟರು. ಭಾರ ಎಳೆಯುವಾಗ ಸವೆಯುವುದು ಅದಕ್ಕಿಂತ ಬೇಗ. ತಳ ತೆಳುವಾದರೆ ಸಣ್ಣ ಹರಳೂ ಚುಚ್ಚುತ್ತದೆ. ಒಂದೆತ್ತು ಕುಂಟಿದರೆ ಜೋಡಿಯೇ ನಿಂತ ಹಾಗೆ. ಹಂಗಾಮಿನ ನಡುವೆ ತಿಂಗಳು ದುಡಿಮೆ ನಿಂತರೆ ಸಣ್ಣ ರೈತನ ಗತಿ ಏನು?

ನಾನು ಒಂದು ಜೋಡಿ ಖಿಲಾರಿ ಎತ್ತು ಇಟ್ಟವನು. ಖಿಲಾರಿಯ ಗೊರಸು ಗಟ್ಟಿ, ನಿಜ. ಆದರೂ ನಾಲ ಬಡಿಸಿದರೆ ಮುಗೀತು ಅನ್ನುವ ಹಾಗಿಲ್ಲ. ನಾಲ ಗೊರಸಿನ ಸವೆತವನ್ನು ಮಾತ್ರ ತಡೆಯುತ್ತದೆ. ಕಾಲನ್ನು ಕಾಯಬೇಕಾದವರು ನಾವೇ.

ಕುದುರೆ ಬೇರೆ, ಎತ್ತು ಬೇರೆ

ನಮ್ಮ ಭಾಗದ ಜಾತ್ರೆಗಳಲ್ಲಿ ಕುದುರೆ ಗಾಡಿ ಶರ್ಯತ್ತು ನೋಡಿದವರಿಗೆ ಕುದುರೆಯ ಲಾಳ ಗೊತ್ತು. ಕುದುರೆಗೆ ಕಾಲಿಗೊಂದೇ ಗೊರಸು. ಹಾಗಾಗಿ ಬಾಗಿದ ಒಂದೇ ಲಾಳ, ನಾಲ್ಕು ಕಾಲಿಗೆ ನಾಲ್ಕು. ಎತ್ತಿನದು ಸೀಳು ಗೊರಸು. ಒಂದು ಕಾಲಿಗೆ ಎರಡು ತೆಳು ತಗಡಿನಂಥ ನಾಲ ಬೇಕು. ಒಂದೆತ್ತಿಗೆ ಎಂಟು, ಜೋಡಿಗೆ ಹದಿನಾರು. ಎರಡು ಗೊರಸಿಗೂ ಕೂಡಿಸಿ ಒಂದೇ ನಾಲ ಹಾಕಲು ಬರುವುದಿಲ್ಲ. ಹೆಜ್ಜೆ ಊರಿದಾಗ ಎರಡೂ ಗೊರಸು ಅಗಲಬೇಕು.

ಕುದುರೆ ಮೂರು ಕಾಲ ಮೇಲೆ ನಿಂತು ಒಂದು ಕಾಲು ಕೊಡುತ್ತದೆ. ಎತ್ತಿಗೆ ಹಾಗೆ ನಿಲ್ಲುವುದು ಕಷ್ಟ. ಯುರೋಪಿನಲ್ಲಿ ಹಿಂದೆ ಮರದ ಚೌಕಟ್ಟಿನಲ್ಲಿ ಹೊಟ್ಟೆಗೆ ಪಟ್ಟಿ ಕಟ್ಟಿ ಎತ್ತನ್ನು ಮೇಲೆತ್ತಿ ನಾಲ ಬಡಿಯುತ್ತಿದ್ದರು. ನಮ್ಮಲ್ಲಿ ಹಗ್ಗ ಹಾಕಿ ಕೆಡವುತ್ತೇವೆ. ಕುದುರೆಯ ಲಾಳವನ್ನು ಆರರಿಂದ ಎಂಟು ವಾರಕ್ಕೊಮ್ಮೆ ಬಿಚ್ಚಿ, ಬೆಳೆದ ಗೊರಸು ಕೊರೆದು ಮತ್ತೆ ಹೊಡೆಯುತ್ತಾರೆ. ಎತ್ತಿನ ನಾಲ ಎಷ್ಟು ದಿನ ಬರುತ್ತದೆನ್ನುವುದು ರಸ್ತೆ, ಭಾರ ನೋಡಿ. ನಾಲ ಸಡಿಲಾದ ದಿನವೇ ನಾಲಬಂದರನ್ನು ಕರೆಯಿರಿ. ಅಲುಗಾಡುವ ನಾಲ ಕಿತ್ತು ಬಂದರೆ ಗೊರಸಿನ ಚೂರನ್ನೂ ಕೂಡಿಯೇ ಒಯ್ಯುತ್ತದೆ.

ಕೆಡವುವಾಗ

ಮೇವು ನೀರು ಆದ ಕೂಡಲೇ ಎತ್ತನ್ನು ಕೆಡವಬಾರದು. ಮುಂಜಾನೆ ಖಾಲಿ ಹೊಟ್ಟೆಯಲ್ಲಿದ್ದಾಗ ಒಳ್ಳೇದು. ನೆಲ ಮೆತ್ತಗಿರಲಿ, ಕಲ್ಲು ಆರಿಸಿ ಹುಲ್ಲು ಹಾಸಿರಿ. ಎತ್ತನ್ನು ಬಲ ಮಗ್ಗುಲಿಗೆ ಮಲಗಿಸಬೇಕು. ದೊಡ್ಡ ಹೊಟ್ಟೆ ಇರುವುದು ಎಡಕ್ಕೆ. ಅದು ಮೇಲೆ ಬಂದರೆ ಹೊಟ್ಟೆಯುಬ್ಬರದ ಅಂಜಿಕೆ ಕಡಿಮೆ. ಹಗ್ಗ ಶಿಶ್ನದ ಜಾಗವನ್ನು ಒತ್ತದಂತೆ ನೋಡಿಕೊಳ್ಳಿ. ಒಬ್ಬರು ತಲೆ ಹಿಡಿದು ಕೋಡು ಕಾಯಲೇಬೇಕು. ಕೆಲಸ ಮುಗಿದ ಕೂಡಲೇ ಎಬ್ಬಿಸಿರಿ, ಚಹಾ ಕುಡಿಯುತ್ತ ಹಾಗೇ ಬಿಡಬೇಡಿ.

ಮೊಳೆ ಎಲ್ಲಿ ಹೋಗಬೇಕು?

ಗೊರಸಿನ ತಳ ಕೊರೆದು ಸ್ವಚ್ಛ ಮಾಡಿದರೆ ಅಂಚಿನ ಒಳಗಡೆ ಒಂದು ಬಿಳಿ ಗೆರೆ ಕಾಣುತ್ತದೆ. ಅದರಿಂದ ಹೊರಗಿನದು ನಮ್ಮ ಉಗುರಿದ್ದ ಹಾಗೆ, ನೋವಿಲ್ಲ. ಒಳಗಿನದು ಜೀವದ ಮಾಂಸ. ಮೊಳೆ ಗೆರೆಯ ಹೊರಗೇ ಹೊಕ್ಕು ಗೊರಸಿನ ಹೊರಮೈಯಲ್ಲಿ ಹೊರಬರಬೇಕು. ತುದಿ ಕತ್ತರಿಸಿ ಮಡಚಬೇಕು. ನಾಲ ಗೊರಸಿನ ಅಳತೆಗೆ ಬರಬೇಕೇ ಹೊರತು ನಾಲದ ಅಳತೆಗೆ ಗೊರಸು ಕೊರೆಯಬಾರದು.

ನಾಲ ಬಡಿಸಿದ ದಿನವೋ ಎರಡು ಮೂರು ದಿನದಲ್ಲೋ ಎತ್ತು ಕುಂಟಿದರೆ ಮೊದಲು ಮೊಳೆಯ ಮೇಲೆ ಸಂಶಯ ಪಡಿರಿ. ಗೊರಸಿಗೆ ಅಂಗೈ ಇಟ್ಟು ನೋಡಿ. ಬಾಕಿ ಕಾಲಿಗಿಂತ ಬಿಸಿ ಇದ್ದರೆ ಆ ಮೊಳೆ ತೆಗೆಸಿ, ತೊಳೆದು, ಟಿಂಚರ್ ಅಯೋಡಿನ್ ಹಾಕಿ ದನದ ಡಾಕ್ಟರಿಗೆ ತೋರಿಸಿರಿ. ಧನುರ್ವಾಯು ಇಂಜೆಕ್ಷನ್ ಬಗ್ಗೆಯೂ ಕೇಳಿರಿ. ಕುದುರೆಗಂತೂ ಈ ರೋಗದ ಅಪಾಯ ಬಹಳ.

ನದಿ ದಂಡೆಯ ಕಷ್ಟ

ನಮ್ಮದು ಕೃಷ್ಣೆಯ ದಂಡೆ. 2019ರ ಆಗಸ್ಟ್ ಮತ್ತು 2021ರ ಜುಲೈ ಮಹಾಪೂರವನ್ನು ಈ ದಂಡೆಯ ಯಾರೂ ಮರೆತಿಲ್ಲ. ದಿನಗಟ್ಟಲೆ ನೀರು, ರಾಡಿಯಲ್ಲಿ ನಿಂತ ದನದ ಗೊರಸು ಮೆತ್ತಗಾಗುತ್ತದೆ, ಬೆರಳ ಸಂದಿಯ ಚರ್ಮ ಬಿರಿಯುತ್ತದೆ. ಅಲ್ಲಿ ಕೊಳೆ ಹೊಕ್ಕರೆ ಕಾಲು ಬಾತು ನಾರುತ್ತದೆ. ಮೆತ್ತಗಾದ ಗೊರಸಿಗೆ ಮೊಳೆ ನಿಲ್ಲುವುದಿಲ್ಲ. ಮೊದಲು ಒಣಗಲಿ, ಆಮೇಲೆ ನಾಲ.

ಕಾಲು ತೊಳೆದು ರಾಡಿ ತೆಗೆದ ಮೇಲೆ ಮೈಲುತುತ್ತದ ನೀರಿನಲ್ಲಿ ಐದು ಹತ್ತು ನಿಮಿಷ ನಿಲ್ಲಿಸಬಹುದು. ಪ್ರಮಾಣ ನೂರು ಲೀಟರಿಗೆ ಐದು ಕಿಲೋ, ಅಂದರೆ ಹತ್ತು ಲೀಟರಿಗೆ ಅರ್ಧ ಕಿಲೋ. ಇದು ವಿಷ. ದನ, ಕುರಿ ಕುಡಿಯದಂತೆ ನೋಡಿಕೊಳ್ಳಿ. ಬಾವಿ, ಹಳ್ಳಕ್ಕೆ ಚೆಲ್ಲಬೇಡಿ. ಕಾಲಿನ ಹುಣ್ಣಿನ ಜೊತೆ ಬಾಯಲ್ಲಿ ಜೊಲ್ಲು, ಜ್ವರ ಇದ್ದರೆ ಅದು ಕಾಲುಬಾಯಿ ಬೇನೆ ಇರಬಹುದು. ಆ ದನವನ್ನು ಬೇರೆ ಕಟ್ಟಿ ಡಾಕ್ಟರನ್ನು ಕರೆಯಿರಿ. ಆರು ತಿಂಗಳಿಗೊಮ್ಮೆ ಲಸಿಕೆ ತಪ್ಪಿಸಬೇಡಿ.

ದಿನಾ ಐದು ನಿಮಿಷ

ಸಂಜೆ ನೊಗ ಇಳಿಸಿದ ಮೇಲೆ ನಾಲ್ಕೂ ಕಾಲು ನೋಡಿರಿ. ಗೊರಸಿನ ಸಂದಿಯಲ್ಲಿ ಕಲ್ಲು, ಮುಳ್ಳು, ಸಗಣಿ ಇದ್ದರೆ ತೆಗೆಯಿರಿ. ಹಿಂಗಾಲಿನಲ್ಲಿ ಹೆಚ್ಚಾಗಿ ಕೆಡುವುದು ಹೊರಗಿನ ಗೊರಸು, ಮುಂಗಾಲಿನಲ್ಲಿ ಒಳಗಿನದು. ಕಟ್ಟುವ ಜಾಗ ಒಣಗಿರಲಿ. ದುಡಿಯುವ ಎತ್ತೆಂದು ಒಮ್ಮೆಲೇ ಬುಟ್ಟಿಗಟ್ಟಲೆ ಜೋಳ, ಹಿಟ್ಟು ಇಟ್ಟರೆ ಹೊಟ್ಟೆ ಹುಳಿಯಾಗಿ ಅದರ ಕಾವು ಗೊರಸಿಗೂ ಇಳಿಯುತ್ತದೆ. ಕಾಳು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿರಿ.

ಭಾರ ಎಳೆಯುವ ಪ್ರಾಣಿಗಳ ಬಗ್ಗೆ 1965ರ ಕೇಂದ್ರದ ನಿಯಮವೊಂದಿದೆ. ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು, ಬಿಡುವಿಲ್ಲದೆ ಐದು ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಕಟ್ಟುವಂತಿಲ್ಲ. ಕಾದ ಡಾಂಬರಿನ ಮೇಲೆ ಒಮ್ಮೆ ಬರಿಗಾಲಲ್ಲಿ ನಡೆದು ನೋಡಿರಿ, ನಿಯಮ ಯಾಕೆಂದು ತಿಳಿಯುತ್ತದೆ.

ಹಂಗಾಮು ಮುಗಿದ ಮೇಲೆ ನಾಲ ಬಿಚ್ಚಿಸಿ ಎತ್ತನ್ನು ಮಣ್ಣಿಗೆ ಬಿಡಿ, ಗೊರಸು ತುಂಬಿಕೊಳ್ಳಲಿ. ಟ್ರ್ಯಾಕ್ಟರ್ ಬಂದ ಮೇಲೆ ನಾಲಬಂದರಿಗೆ ಕೆಲಸ ಕಡಿಮೆಯಾಗಿದೆ. ಒಂದು ಜೋಡಿಗಾಗಿ ಅವರು ದೂರದಿಂದ ಬರುವುದು ಕಷ್ಟ. ಎತ್ತು ಇರುವ ನಾಲ್ಕೈದು ಮನೆಯವರು ಮಾತಾಡಿಕೊಂಡು ಒಂದೇ ದಿನ ಕರೆಸಿದರೆ ಅವರಿಗೂ ಗಿಟ್ಟುತ್ತದೆ, ನಮ್ಮ ಕೆಲಸವೂ ಆಗುತ್ತದೆ. ಈ ಸಲ ದಸರೆಯ ಒಳಗೇ ಆ ದಿನ ಗೊತ್ತುಮಾಡಿರಿ.