ಮೆಣಸಿನ ದುಡ್ಡಿನ ಊರಿನಲ್ಲಿ ಮೂರು ದಿನ

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್‌ಗೆ ಏಳು ಬೆಟ್ಟಗಳ ಊರು ಎಂಬ ಹೆಸರಿದೆ. ಟೇಗಸ್ ನದಿ ಅಟ್ಲಾಂಟಿಕ್ ಸಾಗರ ಸೇರುವ ಮುನ್ನ ದೊಡ್ಡ ಕೆರೆಯಂತೆ ಹರಡಿಕೊಳ್ಳುವ ಕಡೆ, ಅದರ ಬಲದಂಡೆಯ ಮೇಲೆ ಈ ಊರು ಕುಳಿತಿದೆ. ಗಂಡ ಹೆಂಡತಿ ಇಬ್ಬರೇ ನಕ್ಷೆಯೊಂದನ್ನು ಹಿಡಿದು ಮೂರು ದಿನ ಸುತ್ತಿದರೆ ಮುಖ್ಯವಾದುದನ್ನೆಲ್ಲ ನೋಡಬಹುದು. ನಾವಿಬ್ಬರೂ ನೋಡಿದ್ದು ಹಾಗೆಯೇ. ಆದರೆ ನೋಡಿದ್ದಕ್ಕೆ ಅರ್ಥ ಬರಬೇಕಾದರೆ ಎರಡು ಸಂಗತಿಗಳು ಮೊದಲೇ ತಿಳಿದಿರಬೇಕು. ಒಂದು, 1755ರ ಭೂಕಂಪ. ಇನ್ನೊಂದು, ನಮ್ಮ ಪಶ್ಚಿಮ ಕರಾವಳಿಯ ಕಾಳುಮೆಣಸು.

1755ರ ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ಹಬ್ಬ. ಬೆಳಗಿನ ಪ್ರಾರ್ಥನೆಗೆ ಇಗರ್ಜಿಗಳು ತುಂಬಿದ್ದಾಗ ನೆಲ ನಡುಗಿತು. ಬಯಲು ಹುಡುಕಿ ನದಿಯ ದಂಡೆಗೆ ಓಡಿದವರ ಮೇಲೆ ಸಮುದ್ರದ ಅಲೆಗಳು ಏರಿಬಂದವು. ಹಬ್ಬಕ್ಕೆ ಹಚ್ಚಿದ್ದ ಮೇಣದ ಬತ್ತಿಗಳಿಂದಲೂ ಒಲೆಗಳಿಂದಲೂ ಎದ್ದ ಬೆಂಕಿ ದಿನಗಟ್ಟಲೆ ಉರಿಯಿತು. ಹತ್ತಾರು ಸಾವಿರ ಜನ ಸತ್ತರು. ದಂಡೆಯ ಮೇಲಿದ್ದ ಅರಮನೆ, ಅದರ ಗ್ರಂಥಭಂಡಾರ, ಭಾರತದ ವ್ಯಾಪಾರವನ್ನು ನೋಡಿಕೊಳ್ಳುತ್ತಿದ್ದ 'ಕಾಜಾ ದ ಇಂಡಿಯಾ' ಎಂಬ ಕಚೇರಿ ಎಲ್ಲವೂ ನಾಶವಾದವು.

ಮೊದಲ ದಿನ ಪ್ರವಾಸಿ ಕಾಲಿಡುವ 'ಬೈಷಾ' ಎಂಬ ತಗ್ಗಿನ ಪೇಟೆ ಈ ನಾಶದ ಮೇಲೆ ಎದ್ದದ್ದು. ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎಂದು ಹೆಸರಾದ ಮಂತ್ರಿ ಹಳೆಯ ಸಂದಿಗೊಂದಿಗಳನ್ನು ಅಳಿಸಿ, ನೂಲು ಹಿಡಿದಂತೆ ನೇರ ಬೀದಿಗಳನ್ನು ಹಾಕಿಸಿದ. ಗೋಡೆಗಳ ಒಳಗೆ ಮರದ ತೊಲೆಗಳನ್ನು ಪಂಜರದಂತೆ ಹೆಣೆಯಲಾಯಿತು. ಮತ್ತೆ ಭೂಮಿ ನಡುಗಿ ಗಾರೆ ಕಲ್ಲು ಉದುರಿದರೂ ಪಂಜರ ನಿಲ್ಲಲಿ ಎಂಬುದು ಲೆಕ್ಕ. ಬೀದಿಗಳಿಗೆ ಕಸುಬಿನ ಹೆಸರುಗಳು: ಚಿನ್ನದ ಬೀದಿ, ಬೆಳ್ಳಿಯ ಬೀದಿ, ಜೋಡು ಹೊಲಿಯುವವರ ಬೀದಿ. ನದಿಯೆದುರಿನ ವಿಶಾಲ ಚೌಕಕ್ಕೆ ವ್ಯಾಪಾರದ ಚೌಕ ಎಂದು ಹೆಸರಿಟ್ಟರೂ ಊರಿನವರು ಇಂದಿಗೂ 'ಅರಮನೆಯ ಅಂಗಳ' ಎನ್ನುತ್ತಾರೆ. ಅರಮನೆ ಹೋಗಿ ಎರಡೂವರೆ ಶತಮಾನ ದಾಟಿದೆ. ಪಕ್ಕದ ದಿಬ್ಬದ ಮೇಲೆ ಕಾರ್ಮೋ ಮಠದ ಇಗರ್ಜಿ ಚಾವಣಿಯಿಲ್ಲದೆ ನಿಂತಿದೆ. ಕಮಾನುಗಳ ನಡುವೆ ಆಕಾಶ ಕಾಣುತ್ತದೆ.

ಎರಡನೆಯ ದಿನ ಅಲ್ಫಾಮಾ ಬೆಟ್ಟಕ್ಕೆ. ಹೆಸರೇ ಅರಬ್ಬಿ ಭಾಷೆಯದು. 1147ರವರೆಗೆ ಊರು ಮುಸ್ಲಿಂ ಅರಸರ ಕೈಯಲ್ಲಿತ್ತು. ಭೂಕಂಪದಲ್ಲಿ ಈ ಭಾಗ ಬಹುಮಟ್ಟಿಗೆ ಉಳಿದುಕೊಂಡಿತು. ಇಬ್ಬರು ಜೊತೆಯಾಗಿ ನಡೆಯಲಾರದಷ್ಟು ಕಿರಿದಾದ ಓಣಿಗಳು, ಮೆಟ್ಟಿಲುಗಳು, ಕಿಟಕಿಗಳಲ್ಲಿ ಒಣಹಾಕಿದ ಬಟ್ಟೆ. ಕಾಲು ಸೋತವರಿಗೆ 28ನೇ ನಂಬರಿನ ಟ್ರಾಮ್ ಇದೆ. ರಾತ್ರಿ ಇಲ್ಲಿನ ಊಟದ ಮನೆಗಳಲ್ಲಿ 'ಫಾದೊ' ಎಂಬ ವಿರಹದ ಹಾಡು ಕೇಳಬಹುದು. 2011ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೂರನೆಯ ದಿನವನ್ನು ಪೂರ್ತಿಯಾಗಿ ಬೆಲೆಂಗೆ ಇಡಬೇಕು. ಸಮುದ್ರದ ಕಡೆಗಿರುವ ಈ ಬಡಾವಣೆ ಭೂಕಂಪದಿಂದ ಹೆಚ್ಚು ನೋಯಲಿಲ್ಲ. ವಾಸ್ಕೊ ಡ ಗಾಮ 1497ರಲ್ಲಿ ಹೊರಟದ್ದು ಇಲ್ಲಿಂದ. ಅವನು ಮರಳಿದ ಮೇಲೆ ದೊರೆ ಮ್ಯಾನುಯೆಲ್ ಜೆರೋನಿಮೋಸ್ ಮಠವನ್ನು ಕಟ್ಟಲು ತೊಡಗಿದ. ಪೂರ್ವದಿಂದ ಬರುವ ಸಂಬಾರ ಪದಾರ್ಥಗಳ ವ್ಯಾಪಾರದ ಮೇಲೆ ಶೇಕಡಾ 5ರ ಸುಂಕ ಇದಕ್ಕೆ ಮೀಸಲಾಯಿತು. ಕಂಬಗಳ ಮೇಲೆ ಹಡಗಿನ ಹಗ್ಗ, ಗಂಟು, ಬಳ್ಳಿಗಳನ್ನು ಕಲ್ಲಿನಲ್ಲಿ ಕಡೆದಿದ್ದಾರೆ. ಒಳಗೆ ರಾಜರ ಸಮಾಧಿಗಳನ್ನು ಹೊತ್ತು ನಿಂತಿರುವುದು ಅಮೃತಶಿಲೆಯ ಆನೆಗಳು! 1524ರಲ್ಲಿ ಕೊಚ್ಚಿಯಲ್ಲಿ ಸತ್ತ ವಾಸ್ಕೊನ ಸಮಾಧಿಯೂ ಇಲ್ಲಿದೆ. ಹತ್ತಿರದ ಬೆಲೆಂ ಗೋಪುರದ ಕಾವಲುಗೂಡೊಂದರ ಕೆಳಗೆ ಘೇಂಡಾಮೃಗದ ತಲೆಯೊಂದನ್ನು ಕೆತ್ತಿದ್ದಾರೆ. ಗುಜರಾತಿನ ಸುಲ್ತಾನ ಅಲ್ಬುಕರ್ಕ್‌ಗೆ ಕೊಟ್ಟ ಮೃಗವದು. 1515ರಲ್ಲಿ ಹಡಗಿನಲ್ಲಿ ಲಿಸ್ಬನ್ ಸೇರಿ ಯುರೋಪನ್ನೇ ಬೆರಗುಗೊಳಿಸಿತು.

ಅಲ್ಲಿಂದ ಕೂಗಳತೆಯಲ್ಲಿ 1960ರಲ್ಲಿ ಕಲ್ಲಿನಲ್ಲಿ ಎದ್ದ 'ಅನ್ವೇಷಣೆಗಳ ಸ್ಮಾರಕ'. ಹಡಗಿನ ಮೂತಿಯ ಮೇಲೆ ನಾವಿಕರು, ಪಾದ್ರಿಗಳು, ಕವಿಗಳು ಸಾಲಾಗಿ ನಿಂತಿದ್ದಾರೆ. ನಮ್ಮ ಕಡೆಯಿಂದ ಹೋದವರಿಗೆ ಇಲ್ಲೊಂದು ಪ್ರಶ್ನೆ ಏಳದಿರದು. ಅರಬ್ ದೇಶಗಳೊಡನೆ ಶತಮಾನಗಳಿಂದ ವ್ಯಾಪಾರ ನಡೆಸುತ್ತಿದ್ದ ಭಟ್ಕಳ, ಹೊನ್ನಾವರ, ಕಲ್ಲಿಕೋಟೆಗಳನ್ನು ಯಾರು ಅನ್ವೇಷಿಸಬೇಕಿತ್ತು? ಇದೇ ವಾಸ್ಕೊ 1502ರಲ್ಲಿ ಮೆಕ್ಕಾ ಯಾತ್ರಿಕರಿದ್ದ ಹಡಗನ್ನು ಸುಟ್ಟವನು. ಉಳ್ಳಾಲದ ರಾಣಿ ಅಬ್ಬಕ್ಕ ಕತ್ತಿ ಹಿರಿದದ್ದು ಈ ಪೋರ್ಚುಗೀಸರ ಮೇಲೆಯೇ. ಹಡಗು ಹತ್ತಿದವರ ಕಥೆಯನ್ನು ಈ ಕಲ್ಲು ಹೇಳುತ್ತದೆ. ಹಡಗು ಬಂದಿಳಿದ ಊರುಗಳ ಕಥೆಯನ್ನು ನೋಡುವವರೇ ಜೊತೆಗೆ ಒಯ್ಯಬೇಕು.

ಹಾಗೆಂದು ಬಂದದ್ದೆಲ್ಲ ಬೆಂಕಿಯೇ ಅಲ್ಲ. ಹೋಟೆಲಿನಲ್ಲಿ ಇಬ್ಬರಿಗೆ ಜಾಗ ಕೇಳುವಾಗ ಅವರ 'ಮೇಜಾ' ನಮ್ಮ ಮೇಜು ಎಂದು ತಿಳಿಯುತ್ತದೆ. ಚಾವಿ, ಬಟಾಟೆ, ಅನಾನಸು, ಇಗರ್ಜಿ, ಪಾದ್ರಿ ಇವೆಲ್ಲ ಅದೇ ದಾರಿಯಲ್ಲಿ ಬಂದು ನಮ್ಮ ಮನೆಯ ಮಾತಾದವು. ಸಂಬಂಧ ಸುಂಕದ್ದಷ್ಟೇ ಅಲ್ಲ, ಅಡಿಗೆಮನೆಯದೂ ಹೌದು.

ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದರು. ಮೆಣಸಿನಿಂದ ಬಂದ ಹಣಕ್ಕೆ ಲಿಸ್ಬನ್ನಿನಲ್ಲಿ ಜೆರೋನಿಮೋಸ್ ಸಾಕ್ಷಿಯಾದರೆ, ಶರಾವತಿಯ ದಂಡೆಯ ಕಾಡಿನಲ್ಲಿ ಗೇರುಸೊಪ್ಪೆಯ ಚತುರ್ಮುಖ ಬಸದಿ ನಿಂತಿದೆ. ಲಿಸ್ಬನ್ನಿಗೆ ಹೋಗುವ ದಂಪತಿಗಳು ಹೊರಡುವ ಮುನ್ನವೋ ಬಂದ ಮೇಲೋ ಅಲ್ಲಿಗೂ ಒಂದು ದಿನ ಹೋಗಿಬರುವುದು ಒಳ್ಳೆಯದು.